ಎಂಟು ಗ್ರಾಮಿನ ಹಕ್ಕಿಗೆ ಕಲಬುರಗಿಯ ವಿಳಾಸ

ಸೇಡಂ ರಸ್ತೆಯ ಕಡೆ ಊರು ಬೆಳೆಯುತ್ತ ಹೋದಂತೆ ತೊಗರಿ ಹೊಲಗಳು ಪ್ಲಾಟುಗಳಾದವು, ಪ್ಲಾಟುಗಳು ಬಡಾವಣೆಯಾದವು. ನಮ್ಮ ಪಾಲಿಗೆ ಬಂದ ಮೂವತ್ತು–ನಲವತ್ತರ ಸೈಟಿನ ಹಿಂಬದಿಯಲ್ಲಿ ಹಳೇ ಬದುವಿನ ಗುರುತಾಗಿ ಒಂದು ಬೇವಿನ ಮರ ಉಳಿದುಕೊಂಡಿತು. ಅದರ ಸುತ್ತ ಆಮೇಲೆ ನಾವು ಹಚ್ಚಿದ್ದು ಒಂದು ನುಗ್ಗೆ, ಒಂದು ಪೇರಲ, ಕರಿಬೇವು, ಎರಡು ದಾಸವಾಳ. ತೋಟ ಎಂದು ಕರೆಯಲು ಸಂಕೋಚವಾಗುವಷ್ಟು ಜಾಗ.

ಬನ್ನಿ ಹಂಚುವ ಹಬ್ಬದ ಆಸುಪಾಸಿನಲ್ಲಿ, ಒಂದು ಬೆಳಗ್ಗೆ, ಆ ಬೇವಿನೊಳಗಿಂದ ‘ಚಿ-ವೀ’ ಎಂಬ ಸಣ್ಣ, ಚೂಪಾದ ಸದ್ದು ಕೇಳುತ್ತದೆ. ತುಸು ಹೊತ್ತು ಬಿಟ್ಟು ಮತ್ತೆ. ಅಂದು ಶುರುವಾದದ್ದು ಏಪ್ರಿಲ್‌ವರೆಗೆ ನಿಲ್ಲುವುದಿಲ್ಲ. ಪಕ್ಕದ ಮನೆಯ ವೈನಿ ಬಟ್ಟೆ ಒಣಹಾಕುತ್ತ ಒಮ್ಮೆ ಕೇಳಿದರು: “ಏನ್ರಿ ಅದು, ಗುಬ್ಬಿ ಮರಿ ಒದರ್ಲತ್ತದೇನ್ರಿ?”

“ಅಲ್ರಿ ವೈನಿ. ಹಿಮಾಲಯದ ಕಡಿಂದ ಬಂದ ಹಕ್ಕಿ ಅದ.”

ತುದಿಗೊಂಬೆಯಲ್ಲಿ ಎಲೆಯಿಂದ ಎಲೆಗೆ ಜಿಗಿಯುತ್ತಿದ್ದ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಆ ಜೀವವನ್ನು ನೋಡಿ ಅವರು ನಕ್ಕರು. “ಇಷ್ಟೇ ಇಷ್ಟದ. ಬಸ್ಸಿಗಿ ಬಂದದೇನ್ರಿ ಮತ್ತ?”

ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಲು ಹೋದರೆ ಹಿತ್ತಲಿನ ಚಳಿಗಾಲದ ಹಕ್ಕಿಗಳ ಕಥೆ ಪೂರ್ತಿ ಹೇಳಬೇಕಾಗುತ್ತದೆ. ಎಲ್ಲಿಂದ ಬರುತ್ತವೆ, ಯಾಕೆ ಬರುತ್ತವೆ, ದಾರಿ ಹೇಗೆ ಗೊತ್ತು, ಬಂದು ಇಲ್ಲಿ ಮಾಡುವುದಾದರೂ ಏನು. ಡಿಸೆಂಬರ್ ಬಂತೆಂದರೆ ಪತ್ರಿಕೆಗಳು ಬರೆಯುವ ‘ವಿದೇಶಿ ಅತಿಥಿಗಳು’ ಎಂಬ ಮಾತು ಎಷ್ಟು ಸರಿ ಎಂಬುದನ್ನೂ ನೋಡಬೇಕಾಗುತ್ತದೆ. ನನಗಂತೂ ಆ ಮಾತು ಒಪ್ಪಿಗೆಯಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಹಕ್ಕಿಯ ಹೆಸರು. ಇಂಗ್ಲಿಷಿನವರು ಇದಕ್ಕೆ ಗ್ರೀನಿಶ್ ವಾರ್ಬ್ಲರ್ ಎನ್ನುತ್ತಾರೆ. ವಾರ್ಬ್ಲರುಗಳಿಗೆ ಕನ್ನಡದಲ್ಲಿ ಉಲಿಯಕ್ಕಿ ಎಂಬ ಚೆಂದದ ಹೆಸರಿದೆ. ಆದ್ದರಿಂದ ಇದನ್ನು ಹಸಿರು ಉಲಿಯಕ್ಕಿ ಎಂದುಕೊಳ್ಳೋಣ. ಬೆನ್ನು ಬೂದು ಬೆರೆತ ಹಸಿರು, ಹೊಟ್ಟೆ ಮಾಸಲು ಬಿಳಿ, ಕಣ್ಣಿನ ಮೇಲೆ ಹುಬ್ಬು ತೀಡಿದಂತೆ ಒಂದು ತೆಳು ಗೆರೆ. ತೂಕ ಎಂಟು ಗ್ರಾಂ ಆಸುಪಾಸು, ಅಂದರೆ ಹೆಚ್ಚುಕಡಿಮೆ ಒಂದು ರೂಪಾಯಿಯ ಎರಡು ನಾಣ್ಯ. ಮರಿ ಮಾಡುವುದು ಹಿಮಾಲಯದಲ್ಲಿ, ಮಧ್ಯ ಏಷ್ಯಾದ ಬೆಟ್ಟಗಳಲ್ಲಿ, ಅಲ್ಲಿಂದ ಉತ್ತರಕ್ಕೆ ರಷ್ಯಾದ ಕಾಡುಗಳವರೆಗೆ. ಅತಿ ಹತ್ತಿರದ ತವರು ಎಂದು ಹಿಮಾಲಯವನ್ನೇ ಹಿಡಿದರೂ ಕಲಬುರಗಿಗೆ ಒಂದೂವರೆ ಸಾವಿರ ಕಿ.ಮೀ. ಮೀರಿದ ಹಾದಿ.

ಚಳಿಗೆ ಹೆದರಿ ಅಲ್ಲ

ಅಲ್ಲಿ ಹಿಮ ಬೀಳುತ್ತದೆ, ಚಳಿ ತಡೆಯಲಾರದೆ ಹಕ್ಕಿ ಇಲ್ಲಿಗೆ ಬರುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ಸತ್ಯ. ಹಕ್ಕಿಯ ಮೈ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿಯುವ ಒಲೆ. ಅದರ ಮೇಲೆ ಹೊದ್ದ ಪುಕ್ಕಕ್ಕಿಂತ ಒಳ್ಳೆಯ ರಜಾಯಿ ಇಲ್ಲ. ಜನವರಿಯ ಬೆಳಗ್ಗೆ ನಮ್ಮ ತಂತಿಯ ಮೇಲಿನ ಬೆಳವಕ್ಕಿ ಚೆಂಡಿನ ಹಾಗೆ ಉಬ್ಬಿ ಕೂತಿರುತ್ತದಲ್ಲ, ಅದು ದಪ್ಪಗಾಗಿದ್ದಲ್ಲ; ಪುಕ್ಕಗಳನ್ನು ನಿಮಿರಿಸಿ ನಡುವೆ ಗಾಳಿ ಹಿಡಿದಿಟ್ಟುಕೊಂಡಿದೆ. ಬಿಸಿಲೇರಿದಂತೆ ಅದೇ ಹಕ್ಕಿ ಸಪೂರ. ಹಿಮ ಸುರಿಯುವ ಊರುಗಳಲ್ಲೂ ಗುಬ್ಬಿ, ಕಾಗೆ ವರ್ಷವಿಡೀ ಇರುತ್ತವೆ, ಯಾಕೆಂದರೆ ಅವುಗಳಿಗೆ ಕಾಳೋ ಕಸವೋ ಏನೋ ಒಂದು ಸಿಗುತ್ತದೆ.

ಕೂಳಿಲ್ಲದಿದ್ದರೆ ಮಾತ್ರ ಯಾವ ರಜಾಯಿಯೂ ಕಾಯುವುದಿಲ್ಲ. ಹಸಿರು ಉಲಿಯಕ್ಕಿಯ ಊಟವೆಲ್ಲ ಎಲೆಯ ಮೇಲಿನ ಹುಳ, ಹೇನು, ಜೇಡ, ಸಣ್ಣ ನೊಣ. ಅಲ್ಲಿ ಎಲೆ ಉದುರಿ ನೀರು ಹೆಪ್ಪುಗಟ್ಟುವ ಕಾಲಕ್ಕೆ ಆ ಹುಳಗಳೆಲ್ಲ ಮೊಟ್ಟೆಯಾಗಿ, ಕೋಶವಾಗಿ ಅಡಗುತ್ತವೆ. ಅದೇ ಹೊತ್ತಿಗೆ ನಮ್ಮಲ್ಲಿ ಏನಾಗಿರುತ್ತದೆ ನೋಡಿ. ಮುಂಗಾರು ಮುಗಿದಿದೆ, ಕರಿಮಣ್ಣಿನಲ್ಲಿ ಇನ್ನೂ ಹಸಿಯಿದೆ, ತೊಗರಿ ಹೂವಿಗೆ ಬಂದಿದೆ, ಹಿಂಗಾರಿ ಜೋಳ ಮೊಳಕಾಲೆತ್ತರ ಎದ್ದಿದೆ, ಮರಗಳ ಎಲೆ ಪೂರ್ತಿ ಬಲಿತು ಹುಳಗಳಿಂದ ತುಂಬಿವೆ. ನಮ್ಮ ಕಡೆಯ ‘ಚಳಿಗಾಲ’ ಹುಳ ತಿನ್ನುವ ಹಕ್ಕಿಯ ಪಾಲಿಗೆ ಸುಗ್ಗಿ. ಬೀದರಿನವರು ಚಳಿ ಎಂದರೆ ನಾನು ಒಪ್ಪುತ್ತೇನೆ, ಅವರ ಊರು ನಮಗಿಂತ ಎತ್ತರದಲ್ಲಿದೆ. ಕಲಬುರಗಿಯದ್ದೇನು, ಸಂಕ್ರಾಂತಿಗೆ ಮುಂಜಾನೆ ಶಾಲು, ಮಧ್ಯಾಹ್ನ ಫ್ಯಾನು.

ಹಾಗಾದರೆ ಸುಗ್ಗಿಯ ಊರು ಬಿಟ್ಟು ಬೇಸಿಗೆಗೆ ವಾಪಸು ಹೋಗುವುದು ಯಾಕೆ? ಇಲ್ಲಿಗೆ ಬರುವ ಕಾರಣಕ್ಕಿಂತ ಮರಳುವ ಕಾರಣ ಕುತೂಹಲದ್ದು. ಕಲಬುರಗಿ ಇರುವುದು ಉತ್ತರ ಅಕ್ಷಾಂಶ 17 ಡಿಗ್ರಿ ದಾಟಿದ ಜಾಗದಲ್ಲಿ. ನಮ್ಮಲ್ಲಿ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ, ಅತಿ ದೊಡ್ಡದು 13 ಗಂಟೆಗೆ ಸ್ವಲ್ಪ ಹೆಚ್ಚು. ಉತ್ತರ ಕಝಾಕಸ್ತಾನದಲ್ಲಿ ಜೂನ್ ತಿಂಗಳ ಹಗಲು 16 ಗಂಟೆ ಮೀರುತ್ತದೆ. ಗೂಡಿನಲ್ಲಿ ಐದಾರು ಮರಿ ಬಾಯಿ ತೆರೆದು ಕೂತಿರುವಾಗ ದಿನಕ್ಕೆ ಮೂರು ಗಂಟೆ ಹೆಚ್ಚುವರಿ ಬೆಳಕು ಎಂದರೆ ಮೂರು ಗಂಟೆ ಹೆಚ್ಚುವರಿ ಬೇಟೆ. ಜತೆಗೆ ಹಿಮ ಕರಗಿದ ಮೇಲೆ ಅಲ್ಲಿ ಹುಳಗಳು ಒಮ್ಮೆಲೇ ಮೇಲೇಳುತ್ತವೆ. ಇಲ್ಲಿ ಅದೇ ಮೇ ತಿಂಗಳು ಹೇಗಿರುತ್ತದೆಂದು ಕಲಬುರಗಿಯವರಿಗೆ ಹೇಳಬೇಕಿಲ್ಲ.

ಹೊರಡುವ ದಿನವನ್ನು ಗೊತ್ತು ಮಾಡುವುದೂ ಈ ಹಗಲಿನ ಉದ್ದವೇ. ಮಳೆ ಒಂದು ವರ್ಷ ಮುಂಚೆ, ಒಂದು ವರ್ಷ ತಡ, ಚಳಿಯೂ ಹಾಗೆಯೇ. ಹಗಲು ಮಾತ್ರ ಯಾವ ವರ್ಷವೂ ಮೋಸ ಮಾಡುವುದಿಲ್ಲ. ಬೆಳಕಿನ ಅವಧಿ ಬದಲಾದಂತೆ ಹಕ್ಕಿಯ ಮೈಯೊಳಗಿನ ಹಾರ್ಮೋನುಗಳು ಬದಲಾಗುತ್ತವೆ, ಹಸಿವು ಏಕಾಏಕಿ ಹೆಚ್ಚುತ್ತದೆ, ಚರ್ಮದಡಿ ಕೊಬ್ಬು ಕೂಡುತ್ತದೆ. ಪಂಜರದಲ್ಲಿಟ್ಟ ವಲಸೆ ಹಕ್ಕಿ ಕೂಡ ಆ ಕಾಲಕ್ಕೆ ರಾತ್ರಿಯೆಲ್ಲ ನಿದ್ದೆಗೆಟ್ಟು ರೆಕ್ಕೆ ಬಡಿಯುತ್ತದೆ, ಅದೂ ತಾನು ಹೋಗಬೇಕಾದ ದಿಕ್ಕಿಗೇ ಮುಖ ಮಾಡಿ.

ಕೊಬ್ಬೇ ಬುತ್ತಿ. ಒಂದು ಗ್ರಾಂ ಕೊಬ್ಬಿನಲ್ಲಿ ಒಂಬತ್ತು ಕಿಲೊಕ್ಯಾಲರಿ ಶಕ್ತಿ. ಅಷ್ಟೇ ತೂಕದ ಪಿಷ್ಟದಲ್ಲಿ ನಾಲ್ಕು. ಇನ್ನೊಂದು ಅನುಕೂಲವಿದೆ. ಕೊಬ್ಬು ಉರಿದಾಗ ಹೆಚ್ಚುಕಡಿಮೆ ಅದರ ತೂಕದಷ್ಟೇ ನೀರು ಮೈಯೊಳಗೇ ಹುಟ್ಟುತ್ತದೆ. ಬುತ್ತಿಯೊಳಗೇ ನೀರೂ ಇದೆ ಎಂದಾಯಿತು. ಒಂದೇ ಹಾರಾಟಕ್ಕೆ ಹಿಮಾಲಯದಿಂದ ಕಲಬುರಗಿ ಮುಟ್ಟುವುದಿಲ್ಲ. ರಾತ್ರಿ ಹಾರುತ್ತವೆ, ಹಗಲು ಯಾವುದೋ ಊರಿನ ಯಾವುದೋ ಮರದಲ್ಲಿ ಇಳಿದು ತಿಂದು ಮತ್ತೆ ತುಂಬಿಕೊಳ್ಳುತ್ತವೆ. ರಾತ್ರಿಯೇ ಯಾಕೆಂದರೆ ಗಾಳಿ ತಂಪಾಗಿ ನಿಶ್ಚಲವಾಗಿರುತ್ತದೆ, ಮೈ ಕಾಯುವುದಿಲ್ಲ, ಗಿಡುಗಗಳು ಮಲಗಿರುತ್ತವೆ, ಹಗಲು ಊಟಕ್ಕೆ ಬಿಡುವಾಗುತ್ತದೆ. ವೈನಿಯ ಬಸ್ಸಿನ ಮಾತು ತೀರ ತಪ್ಪಲ್ಲ: ರಾತ್ರಿ ಬಸ್ಸು, ನಡುವೆ ನಿಲ್ದಾಣಗಳು.

ದಿಕ್ಕು ಗೊತ್ತಿರುವುದು ಬೇರೆ, ವಿಳಾಸ ಗೊತ್ತಿರುವುದು ಬೇರೆ

ದಾರಿ ತಿಳಿಯುವುದು ಹೇಗೆ ಎಂಬುದಕ್ಕೆ ಒಂದೇ ಸಾಧನವಿಲ್ಲ. ಹಗಲಿನಲ್ಲಿ ಸೂರ್ಯ, ರಾತ್ರಿ ನಕ್ಷತ್ರ, ಮೋಡವಿದ್ದರೆ ಭೂಮಿಯ ಕಾಂತತೆ. 1960ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಎಮ್ಲೆನ್ ಪ್ಲಾನೆಟೇರಿಯಮ್ಮಿನ ಕೃತಕ ಆಕಾಶದಡಿ ಹಕ್ಕಿಗಳನ್ನಿಟ್ಟು ನೋಡಿದರು. ಮರಿಗಳು ಯಾವ ಚುಕ್ಕಿಯನ್ನೂ ಬಾಯಿಪಾಠ ಮಾಡಿಕೊಂಡು ಹುಟ್ಟುವುದಿಲ್ಲ. ಆಕಾಶವೆಲ್ಲ ಯಾವ ಬಿಂದುವಿನ ಸುತ್ತ ತಿರುಗುತ್ತಿದೆ ಎಂದು ನೋಡಿ ಉತ್ತರ ದಿಕ್ಕನ್ನು ಕಲಿಯುತ್ತವೆ. ಸುಮಾರು ಅದೇ ಕಾಲದಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ವಿಲ್ಚ್‌ಕೊ ಕಾಂತಕ್ಷೇತ್ರವನ್ನು ತಿರುಗಿಸಿದರೆ ಹಕ್ಕಿಯೂ ತಿರುಗುತ್ತದೆ ಎಂದು ತೋರಿಸಿದರು.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ ಪ್ರಯೋಗ ಹಾಲೆಂಡಿನದು. ಆಲ್ಬರ್ಟ್ ಪರ್ಡೆಕ್ ಎಂಬ ವಿಜ್ಞಾನಿ 1958ರಲ್ಲಿ ಪ್ರಕಟಿಸಿದ್ದು. ಅಲ್ಲಿನ ಕಬ್ಬಕ್ಕಿಗಳು ಪ್ರತಿ ಶರತ್ಕಾಲ ನೈರುತ್ಯಕ್ಕೆ ಹಾರಿ ಉತ್ತರ ಫ್ರಾನ್ಸ್, ದಕ್ಷಿಣ ಇಂಗ್ಲೆಂಡ್ ಕಡೆ ಚಳಿಗಾಲ ಕಳೆಯುತ್ತಿದ್ದವು. ದಾರಿಯಲ್ಲೇ ಅವುಗಳನ್ನು ಹಿಡಿದು, ಕಾಲಿಗೆ ಬಳೆ ಹಾಕಿ, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಡಲಾಯಿತು. ಒಟ್ಟು 11,000ಕ್ಕೂ ಹೆಚ್ಚು ಹಕ್ಕಿ. ಹಿಂದೆ ಒಮ್ಮೆ ಹೋಗಿಬಂದಿದ್ದ ದೊಡ್ಡ ಹಕ್ಕಿಗಳು ತಮ್ಮನ್ನು ಸರಿಸಿದ್ದಾರೆಂದು ಅರಿತು ವಾಯವ್ಯಕ್ಕೆ ತಿರುಗಿ ಹಳೇ ಜಾಗವನ್ನೇ ಹುಡುಕಿಕೊಂಡು ಹೋದವು. ಮೊದಲ ಬಾರಿ ಹೊರಟಿದ್ದ ಮರಿಗಳು ಮಾತ್ರ ನೈರುತ್ಯಕ್ಕೇ ಹಾರಿ, ಎಂದೂ ತಮ್ಮ ಕುಲದವರು ಹೋಗದ ಸ್ಪೇನ್ ಕಡೆ ಇಳಿದವು. ಅಂದರೆ ಹುಟ್ಟಿನಿಂದ ಬರುವುದು ದಿಕ್ಕು ಮತ್ತು ಎಷ್ಟು ದಿನ ಹಾರಬೇಕೆಂಬ ಅಂದಾಜು. ವಿಳಾಸ ಬರುವುದು ಒಮ್ಮೆ ಬದುಕಿ ನೋಡಿದ ಮೇಲೆ. ದಾರಿ ತಪ್ಪಿಸಿಕೊಂಡ ಆ ಮರಿಗಳಲ್ಲಿ ಕೆಲವು ಮುಂದಿನ ವರ್ಷಗಳಲ್ಲೂ ಸ್ಪೇನಿಗೇ ಮರಳಿದವು. ಮೊದಲ ಚಳಿಗಾಲ ಎಲ್ಲಿ ಕಳೆಯಿತೋ ಅದೇ ಅವುಗಳ ಊರಾಯಿತು.

ಈಗ ನಮ್ಮ ಬೇವಿಗೆ ಬನ್ನಿ. ದಕ್ಷಿಣ ಭಾರತದ ಕಾಡುಗಳಲ್ಲಿ ಉಲಿಯಕ್ಕಿಗಳ ಕಾಲಿಗೆ ಬಣ್ಣದ ಬಳೆ ತೊಡಿಸಿ ಅಧ್ಯಯನ ಮಾಡಿದವರು ಕಂಡುಕೊಂಡದ್ದು ಇದು: ಒಂದೊಂದು ಹಕ್ಕಿ ಕೆಲವೇ ಮರಗಳ ಒಂದು ತುಂಡು ಜಾಗವನ್ನು ಹಿಡಿದು ಚಳಿಗಾಲವಿಡೀ ಅಲ್ಲೇ ಇರುತ್ತದೆ, ಬದುಕುಳಿದರೆ ಮರುವರ್ಷ ಅದೇ ಜಾಗಕ್ಕೆ ಬರುತ್ತದೆ. ಗಂಡು ಹೆಣ್ಣು ಎನ್ನದೆ ಪ್ರತಿಯೊಂದಕ್ಕೂ ಬೇರೆ ಬೇರೆ ಗಡಿ. ಆ ‘ಚಿ-ವೀ’ ಹಾಡಲ್ಲ, ಬದುವಿನ ಕಲ್ಲು. ‘ಈ ಮರ ನನ್ನದು, ಇಲ್ಲಿನ ಹುಳ ನನ್ನವು’ ಎಂಬ ಸಾರಿಕೆ. ನಿಮ್ಮ ಹಿತ್ತಲಿನಲ್ಲಿ ಒಂದೇ ಉಲಿಯಕ್ಕಿ ಕಾಣುತ್ತದಾದರೆ ಅದಕ್ಕೆ ಕಾರಣ ಬೇರೆಯವು ಬಾರದ್ದಲ್ಲ. ಬಂದವನ್ನು ಇದು ಅಟ್ಟಿದೆ. ಅಕ್ಟೋಬರಿನ ಮೊದಲ ದಿನಗಳಲ್ಲಿ ಗಮನಿಸಿದರೆ ಆ ಜಗಳ ಕಣ್ಣಿಗೇ ಬೀಳುತ್ತದೆ: ಎಲೆಗಳ ನಡುವೆ ಎರಡು ಪುಟ್ಟ ನೆರಳು ಒಂದನ್ನೊಂದು ಬೆನ್ನಟ್ಟಿ, ಕಂಪೌಂಡ್ ದಾಟಿ, ಒಂದು ಮಾತ್ರ ಮರಳುತ್ತದೆ.

ಲೆಕ್ಕ ಹಾಕಿ ನೋಡಿ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಏಳು ತಿಂಗಳು ಈ ಬೇವಿನಲ್ಲಿ. ದಾರಿಯ ಕಾಲ ಕಳೆದರೆ ಹುಟ್ಟಿದೂರಿನಲ್ಲಿ ಉಳಿಯುವುದು ನಾಲ್ಕು ತಿಂಗಳೂ ಇಲ್ಲ. ಇಂಥದ್ದನ್ನು ಅತಿಥಿ ಎನ್ನುವುದು ಹೇಗೆ? ಬಾಣಂತನಕ್ಕೆ ತವರಿಗೆ ಹೋಗಿ ಬರುವ ಮನೆಮಗಳು ಎಂದರೆ ಹೊಂದೀತು. ನಾನು ಮನೆ ಕಟ್ಟಿಸುವ ಮುಂಚೆ, ಇದು ಇನ್ನೂ ತೊಗರಿ ಹೊಲವಾಗಿದ್ದಾಗಲೂ, ಇದೇ ಮರದಲ್ಲಿ ಇದರ ಹಿಂದಿನ ಯಾರೋ ಒಬ್ಬರು ಇದ್ದಿರಬೇಕು.

ಬಳೆ ತೊಡಿಸುವ ಕೆಲಸಕ್ಕೂ ಕರ್ನಾಟಕಕ್ಕೂ ಒಂದು ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಅದರ ವೈರಸ್ಸು ರಷ್ಯಾದ ಕಾಡುಗಳ ಒಂದು ವೈರಸ್ಸನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನ ಮೂಲಕ ಬಂದಿರಬಹುದೇ ಎಂಬ ಅನುಮಾನ ಹುಟ್ಟಿತು. ಆ ಅನುಮಾನದ ಬೆನ್ನಿಗೆ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ (ಬಿಎನ್‌ಎಚ್‌ಎಸ್) ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ದೇಶದಾದ್ಯಂತ ಸಾವಿರಾರು ಹಕ್ಕಿಗಳಿಗೆ ಬಳೆ ತೊಡಿಸಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ನಮ್ಮ ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬ ತಿಳಿವಳಿಕೆಯ ಬಹುಭಾಗ ಮಾತ್ರ ಆ ನೆಪದಲ್ಲಿ ಸಿಕ್ಕಿತು.

ಹಿತ್ತಲಿನಲ್ಲಿ ಉಳಿದವರು ಯಾರ್ಯಾರು

ಚಳಿಗಾಲದ ಹಕ್ಕಿಯನ್ನು ಬಣ್ಣದಿಂದ ಗುರುತಿಸಲು ಹೊರಟರೆ ಬೇಸರ ಬರುತ್ತದೆ. ಬಂದವರಲ್ಲಿ ಬಹಳಷ್ಟು ಕಂದು, ಬೂದು, ಮಾಸಲು. ಚಾಳಿಯಿಂದ ಗುರುತಿಸುವುದು ಸುಲಭ.

ದಾಸವಾಳದ ಪೊದೆಯೊಳಗೆ, ನೆಲಕ್ಕೆ ಹತ್ತಿರ, ಯಾರೋ ಎರಡು ಗೋಲಿ ತಾಕಿಸಿದಂತೆ ‘ಟ್ಚಕ್, ಟ್ಚಕ್’ ಎನ್ನುತ್ತಿದ್ದರೆ ಅದು ಬ್ಲೈತ್ಸ್ ರೀಡ್ ವಾರ್ಬ್ಲರ್. ಸದ್ದು ದಿನವೂ ಕೇಳುತ್ತದೆ, ಹಕ್ಕಿ ವಾರಕ್ಕೊಮ್ಮೆ ಕಂಡರೆ ಪುಣ್ಯ. ನಮ್ಮ ಮನೆಯಲ್ಲಿ ಇದರ ಹೆಸರು ‘ಸಾಲಗಾರ’, ಯಾವಾಗಲೂ ಮರೆಯಲ್ಲೇ ಓಡಾಡುತ್ತದೆಂದು.

ಮರದ ಕೆಳಕೊಂಬೆಯಲ್ಲಿ, ಮಬ್ಬು ನೆರಳಿನಲ್ಲಿ, ಬಾಲವನ್ನು ಮೇಲಕ್ಕೆತ್ತಿ ಕೂತು ‘ಟ್ರ್‌ರ್‌ರ್’ ಎಂದು ಸಣ್ಣ ರಾಟೆ ತಿರುಗಿಸಿದಂತೆ ಸದ್ದು ಮಾಡುವುದು ಕೆಂಪು ಎದೆಯ ನೊಣಹಿಡುಕ. ಹೆಸರು ಕೇಳಿ ಕೆಂಪು ಎದೆ ಹುಡುಕಬೇಡಿ. ಹೆಣ್ಣಿಗೂ ಎಳೆಯ ಹಕ್ಕಿಗೂ ಅದು ಇರುವುದಿಲ್ಲ. ಬಾಲ ನೋಡಿ: ಕಪ್ಪು, ಬುಡದ ಎರಡೂ ಬದಿಗೆ ಬಿಳಿ ಮಚ್ಚೆ. ಇದು ಮರಿ ಮಾಡುವುದು ಪೂರ್ವ ಯುರೋಪಿನಿಂದ ಉರಲ್ ಪರ್ವತದ ಸುತ್ತಮುತ್ತಲಿನ ಕಾಡುಗಳವರೆಗೆ. ಯುರೋಪಿನ ಸಣ್ಣ ಹಕ್ಕಿಗಳಲ್ಲಿ ಬಹಳಷ್ಟು ಚಳಿಗಾಲಕ್ಕೆ ನೇರ ದಕ್ಷಿಣಕ್ಕೆ, ಆಫ್ರಿಕಾಕ್ಕೆ ಹೋಗುತ್ತವೆ. ಇದು ಮಾತ್ರ ಆಗ್ನೇಯಕ್ಕೆ ತಿರುಗಿ ನಮ್ಮ ಪೇರಲಕ್ಕೆ ಬರುತ್ತದೆ. ಇದರ ಪೂರ್ವಿಕರು ಏಷ್ಯಾದಿಂದ ಪಶ್ಚಿಮಕ್ಕೆ ಹಬ್ಬಿದ್ದರಿಂದ ಹಳೇ ಹಾದಿಯನ್ನೇ ಇಂದೂ ಹಿಡಿಯುತ್ತದೆ ಎಂದು ವಿಜ್ಞಾನಿಗಳು ತರ್ಕಿಸುತ್ತಾರೆ.

ಕಟ್ಟಡ ನಡೆಯುತ್ತಿರುವ ಜಾಗ, ಇಟ್ಟಿಗೆ ರಾಶಿ, ಕಂಪೌಂಡ್ ಗೋಡೆ ಇವೆಲ್ಲ ಬ್ಲ್ಯಾಕ್ ರೆಡ್‌ಸ್ಟಾರ್ಟಿನ ಆಸ್ತಿ. ಗಂಡು ಮೇಲೆ ಕಪ್ಪು, ಹೊಟ್ಟೆ ಇಟ್ಟಿಗೆ ಬಣ್ಣ, ಹೆಣ್ಣು ಕಂದು. ಎರಡಕ್ಕೂ ಬಾಲ ಕಿತ್ತಳೆಗೆಂಪು, ಮತ್ತು ಆ ಬಾಲ ಒಂದು ಕ್ಷಣ ಸುಮ್ಮನಿರದೆ ಥರಥರ ನಡುಗುತ್ತದೆ. ಟಿಬೆಟ್ ಸೀಮೆಯ ಬೆಟ್ಟಗಳಿಂದ ಬಂದದ್ದು ಕಲಬುರಗಿಯ ಚಳಿಗೆ ನಡುಗುತ್ತದೆಯೇ? ಅದರ ಜಾತಿಯ ಅಭ್ಯಾಸ ಅದು, ನಡು ಬಿಸಿಲಿನಲ್ಲೂ ಹಾಗೇ ಮಾಡುತ್ತದೆ. ಊರು ಬೆಳೆದದ್ದರಿಂದ ಒಂದಿಷ್ಟು ಲಾಭವಾದ ಹಕ್ಕಿ ಇದೊಂದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಮಾಳಿಗೆಯ ಮೇಲೆ ಟಾಕಿ ತುಂಬಿ ಹರಿದ ನೀರಿನ ಹತ್ತಿರ ಬಾಲ ಮೇಲೆ ಕೆಳಗೆ ಕುಣಿಸುತ್ತ ಓಡುವ ಕುಂಡೆಕುಸ್ಕವನ್ನಂತೂ ಎಲ್ಲರೂ ನೋಡಿದ್ದೀರಿ.

ಇವರ ನಡುವೆ ವೇಷ ಮರೆಸಿದ ಊರವರೂ ಇದ್ದಾರೆ. ನವೆಂಬರಿನಲ್ಲಿ ದಾಸವಾಳಕ್ಕೆ ಬರುವ, ಹಳದಿ ಹೊಟ್ಟೆಯ ಮೇಲೆ ಗಂಟಲಿನಿಂದ ಕೆಳಗೆ ಮಸಿಯಲ್ಲಿ ಒಂದು ಗೆರೆ ಎಳೆದಂತಿರುವ ಹಕ್ಕಿ ಹೊಸದಲ್ಲ. ಬೇಸಿಗೆಯಲ್ಲಿ ನೀಲಿ-ಕಪ್ಪು ಮಿಂಚುತ್ತಿದ್ದ ಅದೇ ಗಂಡು ಸೂರಕ್ಕಿ. ಮರಿ ಮಾಡುವ ಕಾಲ ಮುಗಿದ ಮೇಲೆ ಹೊಳೆಯುವ ಪುಕ್ಕ ಬಿಚ್ಚಿಟ್ಟು ಹೆಣ್ಣಿನಂಥ ಬಟ್ಟೆ ತೊಟ್ಟಿದೆ. ಆ ಮಸಿಗೆರೆಯೊಂದೇ ಗುಟ್ಟು ಬಿಟ್ಟುಕೊಡುವುದು. ಫೆಬ್ರುವರಿ ಹೊತ್ತಿಗೆ ತೇಪೆ ತೇಪೆಯಾಗಿ ಬಣ್ಣ ಮರಳುತ್ತದೆ. ಕೋಗಿಲೆಯದ್ದು ಇನ್ನೊಂದು ಮೋಸ. ವಸಂತಕ್ಕೆ ಬರುತ್ತದೆ ಎಂದು ನಮ್ಮ ಕವಿಗಳಾದಿಯಾಗಿ ಎಲ್ಲರೂ ನಂಬಿದ್ದೇವೆ. ಅದು ಎಲ್ಲಿಗೂ ಹೋಗಿರುವುದಿಲ್ಲ, ಚಳಿಗಾಲವಿಡೀ ಬಾಯಿ ಮುಚ್ಚಿಕೊಂಡು ಪಕ್ಕದ ಬೀದಿಯ ಆಲದಲ್ಲೇ ಹಣ್ಣು ತಿನ್ನುತ್ತಿರುತ್ತದೆ. ಹಗಲು ಉದ್ದವಾದಾಗ ಗಂಟಲು ಬಿಚ್ಚುತ್ತದೆ.

ನೋಡುವುದು ಹೇಗೆ, ಮಾಡುವುದೇನು

ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಹುಟ್ಟುವಾಗ ಆರೂ ಮುಕ್ಕಾಲು ದಾಟಿರುತ್ತದೆ. ಹುಳ ತಿನ್ನುವ ಹಕ್ಕಿಗಳ ಚಟುವಟಿಕೆ ಮರದ ತುದಿಗೆ ಬಿಸಿಲು ತಾಕಿದ ಮೇಲೆ ಜೋರಾಗುತ್ತದೆ, ಹುಳಗಳೂ ಆಗಲೇ ಮೈ ಬಿಸಿ ಮಾಡಿಕೊಂಡು ಅಲುಗುತ್ತವಲ್ಲ. ಆದ್ದರಿಂದ ಕತ್ತಲಲ್ಲೇ ಎದ್ದು ಒದ್ದಾಡಬೇಕಿಲ್ಲ. ಚಹಾ ಕುಡಿದೇ ಬನ್ನಿ. ಸೂರ್ಯನಿಗೆ ಬೆನ್ನು ಮಾಡಿ ಕುರ್ಚಿ ಹಾಕಿ ಇಪ್ಪತ್ತು ನಿಮಿಷ ಅಲುಗದೆ ಕೂತರೆ ಸಾಕು. ಮೊದಲ ಐದು ನಿಮಿಷ ಏನೂ ಕಾಣುವುದಿಲ್ಲ. ಕಿವಿ ಮೊದಲು, ಕಣ್ಣು ಆಮೇಲೆ.

ದುರ್ಬೀನು ಕೊಳ್ಳುವುದಾದರೆ 8×42 ಎಂದು ಬರೆದದ್ದು ನೋಡಿ: ಎಂಟು ಪಟ್ಟು ಹತ್ತಿರ, ಮುಂದಿನ ಗಾಜು 42 ಮಿ.ಮೀ. ಹೆಚ್ಚು ಪಟ್ಟಿನದು ಒಳ್ಳೆಯದೆಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಪಟ್ಟು ಹೆಚ್ಚಿದಷ್ಟೂ ಕೈ ನಡುಕವೂ ಹೆಚ್ಚು ಕಾಣುತ್ತದೆ, ನೋಟದ ಹರಹು ಕಿರಿದಾಗುತ್ತದೆ, ಜಿಗಿಯುವ ಉಲಿಯಕ್ಕಿ ಕೈಗೆ ಸಿಗುವುದಿಲ್ಲ. ಮೊಬೈಲಿನ ಮರ್ಲಿನ್ ಆ್ಯಪ್ ಸದ್ದು ಕೇಳಿ ಹೆಸರು ಹೇಳುತ್ತದೆ. ಚೆನ್ನಾಗಿದೆ, ಆದರೆ ಕಣ್ಣಿಂದ ಕಂಡ ಮೇಲೆ ಮಾತ್ರ ಬರೆದುಕೊಳ್ಳಿ. ಹಕ್ಕಿ ಹೊರಬರಲೆಂದು ಅದರ ಕೂಗನ್ನೇ ಮೊಬೈಲಿನಲ್ಲಿ ಹಾಕುವವರಿದ್ದಾರೆ. ಗಡಿ ಕಾಯುವ ಹಕ್ಕಿಗೆ ಅದು ಮನೆಗೆ ಕಳ್ಳ ನುಗ್ಗಿದ ಸದ್ದು. ತಿನ್ನುವ ಹೊತ್ತನ್ನು ಇಲ್ಲದ ಶತ್ರುವನ್ನು ಹುಡುಕುವುದರಲ್ಲಿ ಕಳೆಯುತ್ತದೆ. ಅದರ ಬದಲು ಒಂದು ಹಳೇ ಉಪಾಯ ಹೇಳುತ್ತೇನೆ. ಮರದ ಒಂದೇ ಜಾಗಕ್ಕೆ ಮುಖ ಮಾಡಿ ಪಿಕಳಾರ, ಸೂರಕ್ಕಿ, ಹರಟೆಮಲ್ಲಗಳೆಲ್ಲ ಒಟ್ಟಾಗಿ ಬೈಯುತ್ತಿದ್ದರೆ ಅಲ್ಲಿ ಹುಡುಕಿ. ಶಿಕ್ರಾ ಎಂಬ ಸಣ್ಣ ಗಿಡುಗ ಇರುತ್ತದೆ, ಇಲ್ಲವೇ ಹಾಲಕ್ಕಿ. ‘ಹಾಲಕ್ಕಿ ನುಡೀತದ’ ಎಂದು ಬುಡಬುಡಿಕೆಯವರು ಹೇಳುವ ಅದೇ ಚುಕ್ಕೆ ಗೂಬೆ, ಬೇವಿನ ಪೊಟರೆಯಲ್ಲಿ ಕಣ್ಣು ಕಿಸಿದು ಕೂತಿರುತ್ತದೆ.

ಹಕ್ಕಿಗೆ ಏನು ಹಾಕಬೇಕು ಎಂದು ಬಹಳ ಜನ ಕೇಳುತ್ತಾರೆ. ಈ ಲೇಖನದ ಮೊದಲ ಭಾಗದಲ್ಲೇ ಉತ್ತರವಿದೆ. ದೂರದಿಂದ ಬಂದ ಹಿತ್ತಲ ಹಕ್ಕಿಗಳು ಹೆಚ್ಚಿನವು ಹುಳ ತಿನ್ನುವವು. ನೀವು ಹಾಕುವ ಜೋಳ, ಅಕ್ಕಿ ಅವುಗಳಿಗೆ ಕಲ್ಲಿಗೆ ಸಮ. ಕಾಳು ಹಾಕಿದರೆ ಬರುವುದು ಗುಬ್ಬಿ, ಬೆಳವಕ್ಕಿ, ರಾಟವಾಳ, ಮತ್ತು ತಿಂಗಳೊಳಗೆ ಇಡೀ ಓಣಿಯ ಪಾರಿವಾಳ. ಗುಬ್ಬಿಗೆಂದು ಒಂದು ಹಿಡಿ ಸಜ್ಜೆ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಉಲಿಯಕ್ಕಿಗೆ ಬೇಕಾದ್ದು ಎಲೆ ಮತ್ತು ಎಲೆಯ ಮೇಲಿನ ಹುಳ. ದಾಸವಾಳಕ್ಕೆ ಹೇನು ಹತ್ತಿತೆಂದು ಔಷಧಿ ಹೊಡೆಯುವ ಮುಂಚೆ ಒಂದು ವಾರ ತಡೆದು ನೋಡಿ. ಉದುರಿದ ಎಲೆಯನ್ನು ದಿನವೂ ಗುಡಿಸಿ ಬೆಂಕಿ ಹಚ್ಚುವ ಚಟ ನಮ್ಮ ಬಡಾವಣೆಗಳಲ್ಲಿದೆ. ಮೂಲೆಯಲ್ಲಿ ಒಂದು ಗುಪ್ಪೆ ಬಿಟ್ಟರೆ ಅದೇ ಹಕ್ಕಿಗಳ ಖಾನಾವಳಿ. ಹರಟೆಮಲ್ಲಗಳು ಏಳೆಂಟರ ಗುಂಪಿನಲ್ಲಿ ಬಂದು ಆ ಎಲೆಗಳನ್ನು ಮಗುಚುವುದನ್ನು ನೋಡಿದರೆ ಮದುವೆ ಮನೆಯ ಪಂಕ್ತಿ ನೆನಪಾಗುತ್ತದೆ.

ಇನ್ನು ನೀರು. ಅಕ್ಟೋಬರ್ ಕಳೆದರೆ ನಮ್ಮಲ್ಲಿ ಮಳೆಯ ಮಾತಿಲ್ಲ, ಜನವರಿಗೆ ಗಟಾರ ಬಿಟ್ಟು ಎಲ್ಲವೂ ಒಣ. ಹಳೇ ಪರಾತಿನಲ್ಲಿ ಎರಡು ಬೆರಳಷ್ಟು ನೀರು ಹಾಕಿ, ಒಳಗೊಂದು ಒರಟು ಕಲ್ಲಿಡಿ. ಆಳವಿದ್ದರೆ ಸಣ್ಣ ಹಕ್ಕಿ ಇಳಿಯುವುದಿಲ್ಲ. ಬೆಕ್ಕು ಅಡಗಲು ಪೊದೆ ತೀರ ಹತ್ತಿರ ಇರಬಾರದು, ಹಕ್ಕಿ ಹಾರಿ ಕೂರಲು ಕೊಂಬೆ ತೀರ ದೂರವೂ ಇರಬಾರದು. ನೀರನ್ನು ದಿನವೂ ಬದಲಿಸಿ, ಪರಾತು ತಿಕ್ಕಿ ತೊಳೆಯಿರಿ. ಇಲ್ಲವಾದರೆ ಹಕ್ಕಿಯ ಬದಲು ಡೆಂಗಿ ಸೊಳ್ಳೆ ಸಾಕಿದಂತಾಗುತ್ತದೆ. ನಾಲ್ಕು ವರ್ಷ ಎಲೆಯ ಮರೆ ಬಿಟ್ಟು ಕೆಳಗಿಳಿಯದ ಉಲಿಯಕ್ಕಿಯನ್ನು ನಾನು ಮೊದಲ ಸಲ ಪೂರ್ತಿಯಾಗಿ ನೋಡಿದ್ದು ಇಂಥ ಪರಾತಿನ ಅಂಚಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ.

ಕಂಡದ್ದನ್ನು ಬರೆದಿಡಲು ಗೋಡೆ ಕ್ಯಾಲೆಂಡರೇ ಸಾಕು. ಯಾವ ದಿನ ಮೊದಲು ಕೇಳಿತು, ಯಾವ ದಿನ ಕೊನೆಗೆ. ಕಂಡ ಹಕ್ಕಿಗಳ ಪಟ್ಟಿ ಸೇರಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದರೆ ಇನ್ನೂ ಒಳಿತು. ಜನಸಾಮಾನ್ಯರು ಹೀಗೆ ಹಾಕಿದ ಮೂರು ಕೋಟಿ ನಮೂದುಗಳ ಆಧಾರದ ಮೇಲೆಯೇ 2023ರಲ್ಲಿ ದೇಶದ 942 ಜಾತಿಯ ಹಕ್ಕಿಗಳ ಸ್ಥಿತಿಗತಿ ವರದಿ ಬಂತು. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ, ಅದಕ್ಕಿರುವ ಅಳಿವಿನ ಅಪಾಯದ ಮಟ್ಟವನ್ನು ಮತ್ತೆ ಪರಿಶೀಲಿಸಬೇಕು ಎಂದು ಹೇಳಿದ್ದು ಅದೇ ವರದಿ. ಬೆಂಗಳೂರು, ಮೈಸೂರಿನಿಂದ ಹೋಗುವ ಪಟ್ಟಿಗಳ ಮುಂದೆ ಕಲಬುರಗಿ, ಬೀದರ, ಯಾದಗಿರಿಯವು ತೀರ ಕಡಿಮೆ. ಹಕ್ಕಿ ಕಡಿಮೆ ಇದ್ದಾವೆಂದಲ್ಲ, ಬರೆಯುವವರು ಕಡಿಮೆ.

ಹಿತ್ತಲಿಗೆ ಬಾರದ ದೊಡ್ಡ ಜಾತ್ರೆ ನೋಡಬೇಕೆಂದರೆ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋದಾಗ ಕತ್ತೆತ್ತಿ. ಸಜ್ಜೆ ರೊಟ್ಟಿ, ಭಜ್ಜಿ ಬುತ್ತಿ ಬಿಚ್ಚಿ ಚರಗ ಚೆಲ್ಲಿ ಮುಗಿಯುವ ಹೊತ್ತಿಗೆ, ಜೋಳದ ಹೊಲದ ಮೇಲೆ ಸಾವಿರಗಟ್ಟಲೆ ಹಕ್ಕಿಯ ಒಂದು ಮೋಡ ತಿರುಗಿ, ಒಮ್ಮೆ ಕಪ್ಪಾಗಿ ಒಮ್ಮೆ ತಿಳಿಯಾಗಿ, ಬಾರಿಗಿಡಗಳ ಮೇಲೆ ಇಳಿಯುತ್ತದೆ. ಅವು ಗುಲಾಬಿ ಕಬ್ಬಕ್ಕಿ, ಗಡಿಯಾಚೆಯ ಮರಾಠಿಗರು ‘ಭೋರಡಿ’ ಎನ್ನುವವು. ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮಿಡತೆ ತಿಂದು ಮರಿ ಸಾಕಿ ಬಂದವು. ಇಲ್ಲಿ ತೊಗರಿಯ ಕಾಯಿಕೊರಕ ಹುಳವನ್ನೂ ತಿನ್ನುತ್ತವೆ, ಸೀತನಿಗೆ ಬಂದ ಜೋಳದ ತೆನೆಯನ್ನೂ ಬಿಡುವುದಿಲ್ಲ. ನಮ್ಮ ಮುತ್ಯಾ ಅಟ್ಟದ ಮೇಲೆ ಕೂತು ಕವಣೆ ಬೀಸುತ್ತಿದ್ದದ್ದು ಇವಕ್ಕೇ. ಇನ್ನೂ ದೂರ ಹೋಗುವವರಿಗೆ ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮವಿದೆ; ಅಲ್ಲಿನ ಕೆರೆಗೆ ಟಿಬೆಟ್ ಕಡೆಯಿಂದ ಹಿಮಾಲಯ ದಾಟಿದ ಪಟ್ಟೆತಲೆ ಹೆಬ್ಬಾತು ಬರುತ್ತವೆ.

ನಮ್ಮ ಬೇವು ಫೆಬ್ರುವರಿ ಕೊನೆಗೆ ಎಲೆ ಉದುರಿಸುತ್ತದೆ. ಆಗ ಉಲಿಯಕ್ಕಿ ಕೆಲವು ದಿನ ನುಗ್ಗೆಗೂ ವೈನಿಯವರ ಹುಣಸೆಗೂ ಓಡಾಡಿಕೊಂಡಿರುತ್ತದೆ. ಮಾರ್ಚಿನಲ್ಲಿ ಕೆಂಪು ಚಿಗುರು ಬಂದು, ಯುಗಾದಿಗೆ ಹೂವಾಗಿ, ಹೂವಿಗೆ ಹುಳ ಮುತ್ತಿದಾಗ ಮತ್ತೆ ಹಳೇ ಕೊಂಬೆಗೆ ಬರುತ್ತದೆ, ಬೆಳಗಿನಿಂದ ಸಂಜೆಯತನಕ ತಿನ್ನುವುದೇ ಕೆಲಸ. ಆ ದಿನಗಳಲ್ಲಿ ಕೂಗುವುದು ಮಾತ್ರವಲ್ಲ, ಪೂರ್ತಿ ಹಾಡನ್ನೇ ಹಾಡಲು ಶುರು ಮಾಡುತ್ತದೆ.

ಕಳೆದ ಏಪ್ರಿಲ್ ಮೂರನೇ ವಾರ ಒಂದು ಬೆಳಗ್ಗೆ ಕುರ್ಚಿ ಹಾಕಿ ಕೂತೆ. ಅರ್ಧ ತಾಸಾಯಿತು, ಮರದಲ್ಲಿ ಪಿಕಳಾರ ಬಿಟ್ಟರೆ ಸದ್ದಿಲ್ಲ. ಗೋಡೆಯಾಚೆಯಿಂದ ವೈನಿ ಇಣುಕಿದರು. ಅವರೂ ಕಿವಿಗೊಟ್ಟಿದ್ದರೆಂದು ನನಗೆ ಗೊತ್ತಿರಲಿಲ್ಲ.

“ನಿನ್ನಿ ರಾತ್ರಿ ಬಸ್ಸಿಗಿ ಹೋಯ್ತೇನ್ರಿ?”